ಸೀಸದಕಡ್ಡಿಯಲ್ಲಿ ಬರೆದವರು

ನಾನು ಕಂಪ್ಯೂಟರ್ ತಜ್ಞನಾದದ್ದು ಒಂದು ಬುಧವಾರ ಬೆಳಿಗ್ಗೆ ಹನ್ನೊಂದೂ ಕಾಲಿಗೆ. ನಮ್ಮ ಆಸ್ಪತ್ರೆಯ ನಿರ್ದೇಶಕರ ಕಂಪ್ಯೂಟರ್ ಮುಷ್ಕರ ಹೂಡಿ ಕೂತಿತ್ತು. ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಹೋಗಿದ್ದ ನಾನು ಬಾಯಿ ಮುಚ್ಚಿಕೊಂಡಿರಲಾರದೆ, "ಸಾರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ" ಎಂದೆ. ಅದು ಸರಿಹೋಯಿತು. ಮರುದಿನವೇ ಆದೇಶ ಬಂತು: ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿರುವ ಹಳೆಯ ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ, ಹುಡುಕಿದರೆ ಸಿಗುವಂತೆ ಮಾಡುವ ಯೋಜನೆಗೆ ಇವರೇ ಉಸ್ತುವಾರಿ. ಐವತ್ತೊಂದು ವರ್ಷ ನನ್ನ ಮೇಲೆ ಯಾರೂ ಇಷ್ಟು ನಂಬಿಕೆ ಇಟ್ಟಿರಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. "ನಿಮ್ಮನ್ನಾ?" ಎಂದಳು. ಆ ಒಂದು ಪ್ರಶ್ನೆಯಲ್ಲಿದ್ದಷ್ಟು ವಿವೇಕ ಇಡೀ ಆಡಳಿತ ಮಂಡಳಿಗೆ ಇರಲಿಲ್ಲ.

ಹೇಳಹೊರಟಿರುವುದು ಕಡ್ಡಿಯಣ್ಣನ ವಿಷಯ. ನಾನು ನಡುವೆ ಬರುವುದು ತಪ್ಪಿತಸ್ಥನಾದ್ದರಿಂದ.

ಕಡ್ಡಿಯಣ್ಣ ನಮ್ಮ ಆಸ್ಪತ್ರೆಯ ಶವಾಗಾರದ ಗುಮಾಸ್ತರು. ಇಪ್ಪತ್ತಾರು ವರ್ಷ ಒಂದೇ ಮೇಜು, ಒಂದೇ ಕುರ್ಚಿ, ಕುರ್ಚಿಯ ಮೇಲೆ ಒಂದೇ ದಿಂಬು. ಆಳು ಕಡ್ಡಿಯಂತಿದ್ದದ್ದು ನಿಜ. ಆದರೆ ಆ ಹೆಸರು ಅಂಟಿಕೊಂಡದ್ದು ಅವರ ಬಲಗಿವಿಯ ಮೇಲೆ ಸದಾ ಕೂತಿರುತ್ತಿದ್ದ ಸೀಸದಕಡ್ಡಿಯಿಂದ. ಜೇಬಿನಲ್ಲಿ ಇಂಕಿನ ಪೆನ್ನು, ಕಿವಿಯ ಮೇಲೆ ಸೀಸದಕಡ್ಡಿ. ಎರಡಕ್ಕೂ ಬೇರೆ ಬೇರೆ ಕೆಲಸವಿತ್ತು.

ಹೆಸರು ಗೊತ್ತಿರುವ ಹೆಣಗಳನ್ನು ಅವರು ದಾಖಲೆ ಪುಸ್ತಕದ ಮುಂದುಗಡೆಯಿಂದ ಇಂಕಿನಲ್ಲಿ ಬರೆದುಕೊಂಡು ಹೋಗುತ್ತಿದ್ದರು. ಗುರುತು ಸಿಗದ ಹೆಣಗಳನ್ನು ಅದೇ ಪುಸ್ತಕದ ಹಿಂದುಗಡೆಯಿಂದ ಸೀಸದಕಡ್ಡಿಯಲ್ಲಿ ಬರೆಯುತ್ತಿದ್ದರು. ತಾರೀಖು, ಅಂದಾಜು ವಯಸ್ಸು, ಬಟ್ಟೆ, ಮೈಮೇಲಿನ ಗುರುತು. ಮುಂದೆ ಯಾವತ್ತಾದರೂ ಸಂಬಂಧಿಕರು ಹುಡುಕಿಕೊಂಡು ಬಂದು "ಇವನೇ ನಮ್ಮವನು" ಎಂದರೆ, ಅವರ ಎದುರಿಗೇ ಆ ಸಾಲನ್ನು ಇಂಕಿನಲ್ಲಿ ತಿದ್ದಿ, ತುದಿಯಲ್ಲಿ ಹೆಸರು ಸೇರಿಸುತ್ತಿದ್ದರು. ಇದು ಯಾವ ನಿಯಮಾವಳಿಯಲ್ಲೂ ಇರಲಿಲ್ಲ. ಅವರ ಹಿಂದಿನ ಗುಮಾಸ್ತರು ಹಾಗೆ ಮಾಡುತ್ತಿದ್ದರು, ಆದ್ದರಿಂದ ಇವರೂ ಮಾಡುತ್ತಿದ್ದರು.

"ಮೊದಲೇ ಇಂಕಲ್ಲಿ ಬರೆದ್ರೆ ಏನಾಗುತ್ತಣ್ಣ? ಎರಡೆರಡು ಕೆಲಸ ಯಾಕೆ?" ಎಂದು ಒಮ್ಮೆ ಕೇಳಿದ್ದೆ.

"ಇಂಕು ಅಂದ್ರೆ ಮುಗೀತು ಅಂತ. ಮನೆಯವರು ಬರೋ ಮುಂಚೆ ಮುಗಿಸೋಕೆ ನಾನ್ಯಾರಯ್ಯ?" ಎಂದಿದ್ದರು.

ಅವರನ್ನು ನೋಡಲು ಪ್ರತಿ ತಿಂಗಳ ಮೊದಲ ಸೋಮವಾರ ಒಬ್ಬ ಹೆಂಗಸು ಬರುತ್ತಿದ್ದರು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವರು, ನಮಗೆಲ್ಲ ಹೊಲಿಗೆಯಕ್ಕ. ಹನ್ನೊಂದು ವರ್ಷದ ಕೆಳಗೆ ಆಕೆಯ ತಮ್ಮ ಒಂದು ಮಧ್ಯಾಹ್ನ, "ನಿನ್ನ ಮಿಷನ್ನಿಗೆ ಬೆಲ್ಟ್ ತರ್ತೀನಿ" ಎಂದು ಹೋದವನು ವಾಪಸಾಗಿರಲಿಲ್ಲ. ತಂದೆತಾಯಿ ಇಲ್ಲದ ಹುಡುಗನನ್ನು ಆಕೆಯೇ ಸಾಕಿ ದೊಡ್ಡವನನ್ನಾಗಿ ಮಾಡಿದ್ದರು. ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿ ಅವನ ಎಡಗೈಯ ಎರಡು ಬೆರಳು ಅರ್ಧಕ್ಕೆ ಹೋಗಿದ್ದವು. ಬೇರೆ ಊರಿನಲ್ಲಾದರೆ ಅಷ್ಟೇ ಗುರುತು ಸಾಕಾಗುತ್ತಿತ್ತು. ನಮ್ಮ ಊರಿನಲ್ಲಿ ಬೀದಿಗೊಂದು ಪ್ರೆಸ್ ಕಾರ್ಖಾನೆ. ಹತ್ತೂ ಬೆರಳು ನೆಟ್ಟಗಿರುವವನನ್ನು ಕಂಡರೇ ಜನ ತಿರುಗಿ ನೋಡುತ್ತಾರೆ.

ಎರಡು ವರ್ಷ ಊರೂರು ಅಲೆದು ಆಕೆ ಮೊದಲ ಸಲ ನಮ್ಮಲ್ಲಿಗೆ ಬಂದಾಗ, ಅವನು ಹೋದ ದಿನದಿಂದ ಮುಂದಿನ ಮೂರು ತಿಂಗಳ ಹಾಳೆಗಳನ್ನು ಕಡ್ಡಿಯಣ್ಣ ಸಾಲು ಸಾಲಾಗಿ ನೋಡಿದ್ದರು. ಇರಲಿಲ್ಲ. ಅದರಾಚೆ ಹುಡುಕಲು ತಾರೀಖು ಬೇಕು. ನಲವತ್ತೊಂದು ದಪ್ಪ ಪುಸ್ತಕಗಳಲ್ಲಿ ತಾರೀಖಿಲ್ಲದೆ ಹುಡುಕುವುದು ಮನುಷ್ಯನ ಕೈಲಾಗುವ ಕೆಲಸವಲ್ಲ. ಆದರೂ ಆಕೆ ಬರುತ್ತಿದ್ದರು, ಇವರು ಎದ್ದು ನಿಂತು "ಇಲ್ಲಮ್ಮ" ಎನ್ನುತ್ತಿದ್ದರು, ಆಕೆ ಬೆಂಚಿನ ಮೇಲೆ ಐದು ನಿಮಿಷ ಕೂತು ಹೋಗುತ್ತಿದ್ದರು.

ಸ್ಕ್ಯಾನರ್ ಬಂದಿಳಿದ ತಿಂಗಳು ಕಡ್ಡಿಯಣ್ಣನ ಮುಖ ಅರಳಿತ್ತು.

"ಇನ್ನು ತಾರೀಖೇ ಬೇಡಮ್ಮ. ಈ ಯಂತ್ರ ನನ್ನ ಕೈಬರಹ ಓದುತ್ತಂತೆ. ‘ಎರಡು ಬೆರಳು’ ಅಂತ ಒತ್ತಿದ್ರೆ ಸಾಕು, ಇಪ್ಪತ್ತಾರು ವರ್ಷದ್ದು ಒಂದೇ ನಿಮಿಷದಲ್ಲಿ ಮುಂದೆ ತಂದಿಡುತ್ತೆ."

"ಸಿಗದೇ ಇದ್ರೆ?"

"ಸಿಗದೇ ಇದ್ರೆ ಅವನು ಇಲ್ಲಿಗೆ ಬಂದಿಲ್ಲ ಅಂತ. ಅದು ಒಳ್ಳೇ ಸುದ್ದಿ ತಾನೇ?"

ಮುಂದೆ ಇದೇ ಮಾತು ಅವರ ನಿದ್ದೆ ಕೆಡಿಸಿತು.

ಕೆಲಸ ಶುರುವಾಯಿತು. ಸ್ಕ್ಯಾನರ್ ಮಾಡುವುದು ಹಾಳೆಯ ಫೋಟೋ ಅಷ್ಟೆ. ಫೋಟೋದೊಳಗೆ ಹುಡುಕಲು ಬರುವುದಿಲ್ಲ. ಅದನ್ನು ಇನ್ನೊಂದು ಸಾಫ್ಟ್‌ವೇರ್ ಓದಿ, ಅಕ್ಷರವನ್ನು ಅಕ್ಷರವೆಂದು ಗುರುತಿಸಿ, ಫೋಟೋದ ಬೆನ್ನಿಗೆ ಕಾಣದಂತೆ ಅಂಟಿಸಬೇಕು. ಆಮೇಲೆ ನೀವು ಒಂದು ಪದ ಒತ್ತಿದರೆ ಆ ಹಾಳೆ ಓಡಿ ಬರುತ್ತದೆ. ಪ್ರತಿ ಹಾಳೆಗೂ ಅದು ತನಗೆ ತಾನೇ ಅಂಕ ಕೊಟ್ಟುಕೊಳ್ಳುತ್ತಿತ್ತು, ನೂರಕ್ಕೆ ಇಷ್ಟು ಸರಿಯಾಗಿ ಓದಿದ್ದೇನೆ ಎಂದು. ಕಡಿಮೆ ಅಂಕದ ಹಾಳೆಗಳು ಮಾತ್ರ ನಮ್ಮ ಪರದೆಗೆ ತಿದ್ದಲು ಬರುತ್ತಿದ್ದವು. ಹೆಚ್ಚು ಅಂಕ ಬಂದದ್ದನ್ನು ಯಾರೂ ನೋಡುವಂತಿರಲಿಲ್ಲ. ನೋಡಲು ಸಮಯವೂ ಇರಲಿಲ್ಲ. ಶಾಲೆಯಲ್ಲಿ ನನಗೆ ಈ ಸವಲತ್ತು ಇದ್ದಿದ್ದರೆ ಇಷ್ಟೊತ್ತಿಗೆ ನಾನೂ ನಿರ್ದೇಶಕನಾಗಿರುತ್ತಿದ್ದೆ.

ಮೊದಲ ವಾರ ಅಂಕ ಅರವತ್ತೊಂದು ದಾಟಲಿಲ್ಲ. ನೆಲಮಾಳಿಗೆಯ ಪೈಪುಗಳು ತೊಟ್ಟಿಕ್ಕಿ ತೊಟ್ಟಿಕ್ಕಿ ಹಾಳೆಗಳಿಗೆಲ್ಲ ಕಂದು ಕಲೆ ಬಿದ್ದಿತ್ತು. ಯಂತ್ರ ಕಲೆಗಳನ್ನೂ ಅಕ್ಷರ ಎಂದುಕೊಂಡು ಭಕ್ತಿಯಿಂದ ಓದುತ್ತಿತ್ತು. ಒಂದು ಹಾಳೆಯಲ್ಲಿ ಸತ್ತವನ ವಯಸ್ಸು ಎಂಟು ಸಾವಿರ. ನಿರ್ದೇಶಕರು ದಿನಾ ಮಧ್ಯಾಹ್ನ ಇಳಿದು ಬಂದು "ಎಷ್ಟಾಯ್ತು?" ಎನ್ನುತ್ತಿದ್ದರು. ನಾನು ಯಂತ್ರ ಮಾರಿದವರಿಗೆ ಫೋನ್ ಮಾಡಿದೆ.

"ಬಹಳ ಸುಲಭ ಸಾರ್. ‘ಹಿನ್ನೆಲೆ ಶುದ್ಧಿ’ ಅಂತ ಒಂದು ನಾಬ್ ಇದೆಯಲ್ಲ, ಅದನ್ನ ಎಂಬತ್ತಕ್ಕೆ ತಿರುಗಿಸಿ. ಮಾಸಲು ಎಲ್ಲ ಬಿಳಿ ಆಗುತ್ತೆ, ಗಾಢ ಎಲ್ಲ ಕಪ್ಪಾಗುತ್ತೆ. ಹಾಗೇ ‘ಖಾಲಿ ಹಾಳೆ ತೆಗೆ’ ಅನ್ನೋದಕ್ಕೆ ಒಂದು ಗುರುತು ಹಾಕಿಬಿಡಿ. ಜಾಗ ಉಳಿಯುತ್ತೆ."

ನಾನು ತಿರುಗಿಸಿದೆ. ಗುರುತೂ ಹಾಕಿ, ಮೊದಲ ವಾರದ ಹಾಳೆಗಳನ್ನೂ ಮತ್ತೆ ಓದಿಸಿದೆ. ಅಂಕ ತೊಂಬತ್ತನಾಲ್ಕಕ್ಕೆ ಹಾರಿತು. ನಮ್ಮ ಪರದೆಗೆ ಹಾಳೆಗಳು ಬರುವುದೇ ನಿಂತು, ಕಡ್ಡಿಯಣ್ಣನೂ ನಾನೂ ಎದುರುಬದುರು ಕೂತು ಚಹಾ ಕುಡಿದೆವು. "ನನ್ನ ಬರಹ ಅಷ್ಟು ಚೆನ್ನಾಗಿದೆಯೇನಯ್ಯ?" ಎಂದು ಅವರು ನಾಚಿಕೊಂಡರು. ಎರಡು ತಿಂಗಳಲ್ಲಿ ನಲವತ್ತೊಂದೂ ಪುಸ್ತಕ ಮುಗಿಯಿತು. ಕೋಣೆ ಹೊಸ ಎಕ್ಸ್-ರೇ ಯಂತ್ರಕ್ಕೆ ಬೇಕಾಗಿದ್ದರಿಂದ ಪುಸ್ತಕಗಳು ಲಾರಿ ಹತ್ತಿ ಕಾಗದ ಅರೆಯುವ ಕಾರ್ಖಾನೆಗೆ ಹೋದವು. ಅದಕ್ಕೆ ಮುಂಚೆ ಒಂದು ನಮೂನೆ ತುಂಬಬೇಕಿತ್ತು. ಅದರಲ್ಲಿ ‘ತೆಗೆದ ಖಾಲಿ ಹಾಳೆಗಳು’ ಎಂಬ ಕಡೆ ಒಂದು ಸಾವಿರದ ಒಂಬೈನೂರ ಹನ್ನೆರಡು ಎಂದು ಬರೆದು, ಎಷ್ಟು ಜಾಗ ಉಳಿಸಿದೆನಲ್ಲ ಎಂದು ಬೀಗುತ್ತ ಸಹಿ ಹಾಕಿದೆ. ನನಗೊಂದು ಗೋಡೆ ಗಡಿಯಾರ ಸಿಕ್ಕಿತು. ಯಂತ್ರದ ಕಂಪನಿಯವರು ಅವರ ಹೆಸರು ಕೊರೆದ ಪೆನ್ನು ಕೊಟ್ಟರು.

ಮುಂದಿನ ಮೊದಲ ಸೋಮವಾರ ಹೊಲಿಗೆಯಕ್ಕ ಬಂದರು. ಕಡ್ಡಿಯಣ್ಣ ತಮ್ಮ ಕುರ್ಚಿಯನ್ನೇ, ದಿಂಬಿನ ಸಮೇತ, ಪರದೆಯ ಮುಂದೆ ಎಳೆದು ಕೂರಿಸಿದರು. ನಾನು ‘ಎರಡು ಬೆರಳು’ ಎಂದು ಒತ್ತಿದೆ. ಹತ್ತೊಂಬತ್ತು ಹಾಳೆ ಬಂದವು. ಆಕೆ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಒಂದೊಂದನ್ನೇ ನೋಡಿದರು. ಹತ್ತೊಂಬತ್ತಕ್ಕೂ ಹೆಸರಿತ್ತು. ಯಾವುದೂ ತಮ್ಮನದಲ್ಲ.

"ಇಲ್ವಾ?"

"ಇಲ್ಲ."

"ಪೂರ್ತಿ ಹುಡುಕ್ತಾ ಇದು? ಎಲ್ಲಾ ಪುಸ್ತಕಾನೂ?"

"ಪೂರ್ತಿ," ಎಂದೆ, ತಜ್ಞನ ಗತ್ತಿನಲ್ಲಿ.

ಆಕೆ ಒಂದೇ ಸಲಕ್ಕೆ ನಕ್ಕು ಅತ್ತರು. "ಹಾಗಿದ್ರೆ ಎಲ್ಲೋ ಇದ್ದಾನೆ, ಪಾಪಿ. ಬದುಕಿದ್ದಾನೆ. ಬರ್ಲಿ, ಕಿವಿ ಹಿಂಡ್ತೀನಿ." ಮೂಗು ಒರೆಸಿಕೊಂಡು, ಕತ್ತಿನಿಂದ ಅಳತೆಯ ಟೇಪು ಎಳೆದು, "ಸಾರ್, ಸ್ವಲ್ಪ ಎದ್ದು ನಿಂತ್ಕೊಳ್ಳಿ" ಎಂದರು. ನಾನು ನಿಂತೆ. ಹೊಟ್ಟೆಯ ಸುತ್ತ ಟೇಪು ಬಂತು. "ಅವನಿಗೂ ಈಗ ನಲವತ್ತಾಯ್ತು. ಇಷ್ಟು ಬಂದಿರುತ್ತೆ ಅಲ್ವಾ?"

"ಇಷ್ಟು ಬರೋಕೆ ಕಷ್ಟಪಡಬೇಕಮ್ಮ," ಎಂದೆ. ನಾವಿಬ್ಬರೂ ನಕ್ಕೆವು. ಕಡ್ಡಿಯಣ್ಣ ನಗಲಿಲ್ಲ.

ಆಕೆ ಹೋದ ಮೇಲೆ ಅವರು ಕಿವಿಯಿಂದ ಸೀಸದಕಡ್ಡಿ ತೆಗೆದು ಬೆರಳಲ್ಲಿ ಹೊರಳಿಸುತ್ತ ಕೂತರು. "ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ಹೆಸರಿರೋರೇನಾ? ಈ ಊರಲ್ಲಿ? ಎಲ್ಲಿ, ಹಿಂದಿನ ಹಾಳೆ ಒಂದು ತೋರಿಸು."

ಹುಡುಕಿದೆ. ಮೊದಲ ಪುಸ್ತಕದ ಹಿಂದುಗಡೆಯಿಂದ ಒಂದೇ ಒಂದು ಹಾಳೆ ಸಿಕ್ಕಿತು. ಅಪ್ಪಟ ಬಿಳಿ. ನಟ್ಟನಡುವೆ ಇಂಕಿನ ಒಂದು ಸಾಲು. ಯಾರೋ ಹೆಂಡತಿ ಬಂದು ಗುರುತಿಸಿದ ಒಬ್ಬ ಚಾಲಕ. ಅವನ ಮೇಲೆ ಬಿಳಿ, ಕೆಳಗೆ ಬಿಳಿ.

"ಇವನ ಅಕ್ಕಪಕ್ಕ ಇದ್ದೋರೆಲ್ಲಿ?" ಎಂದರು ಕಡ್ಡಿಯಣ್ಣ.

ಫೋನಿನಲ್ಲಿ ಕೇಳಿದ ಮಾತು ನೆನಪಾಯಿತು: ಮಾಸಲು ಎಲ್ಲ ಬಿಳಿ ಆಗುತ್ತೆ. ಇಂಕಿನ ಒಂದು ಸಾಲಾದರೂ ಇದ್ದ ಹಾಳೆ ಆ ಒಂದು ಸಾಲಿನಿಂದ ಬದುಕಿಕೊಂಡಿತ್ತು. ಬರೀ ಸೀಸದಕಡ್ಡಿಯ ಹಾಳೆಗಳನ್ನು ಯಂತ್ರ ಖಾಲಿ ಎಂದು ಎಸೆದಿತ್ತು. ಹಾಗೆ ಎಸೆದ ಹಾಳೆಗೆ ಅಂಕವೇ ಇಲ್ಲ, ಆದ್ದರಿಂದ ಒಂದೂ ನಮ್ಮ ಪರದೆಗೆ ಬರಲಿಲ್ಲ. ಮೂಲ ಫೋಟೋಗಳನ್ನು ಜಾಗ ಉಳಿಸಲು ನಾನೇ ಅಳಿಸಿದ್ದೆ. ಇದನ್ನೆಲ್ಲ ತೊದಲುತ್ತ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಸಾವಿರದ ಒಂಬೈನೂರ ಹನ್ನೆರಡು ಅಂತ ಬರೆದೆಯಲ್ಲ, ಅದರಲ್ಲಿ ಖಾಲಿ ಎಷ್ಟಿದ್ವೋ," ಎಂದರು ಅಷ್ಟೆ.

ಕಾಗದದ ಕಾರ್ಖಾನೆಗೆ ಫೋನ್ ಮಾಡಿದೆ. ಎತ್ತಿಕೊಂಡವನು ಬಹಳ ಸಜ್ಜನ. "ಮೂರು ವಾರ ಆಯ್ತಲ್ಲ ಸಾರ್. ಇಷ್ಟೊತ್ತಿಗೆ ಮೊಟ್ಟೆ ಇಡೋ ಟ್ರೇ ಆಗಿರ್ತವೆ," ಎಂದ.

ನಿರ್ದೇಶಕರು ಕೂತು ಕೇಳಿದರು. "ಆ ಹಿಂದಿನ ಹಾಳೆಗಳನ್ನ ಕೇಳ್ಕೊಂಡು ಈ ವರ್ಷ ಎಷ್ಟು ಜನ ಬಂದಿದ್ದಾರೆ?"

"ಒಬ್ಬರು," ಎಂದರು ಕಡ್ಡಿಯಣ್ಣ.

"ನೋಡಿ ಮತ್ತೆ. ಕಡ್ಡಿಯನ್ನ ಗುಡ್ಡ ಮಾಡಬೇಡಿ. ನಮ್ಮ ಯೋಜನೆ ಬಹುಮಾನಕ್ಕೆ ಹೋಗಿದೆ."

ಅದೇ ಸಂಜೆ ಕಡ್ಡಿಯಣ್ಣ ಹೊಲಿಗೆ ಅಂಗಡಿಗೆ ಹೊರಟರು. ನಾನು ಅವರ ಬೆನ್ನ ಹಿಂದೆ ಬಾಲದಂತೆ ಹೋದೆ. ಮೇಜಿನ ಮೇಲೆ ತಿಳಿ ಬೂದು ಬಣ್ಣದ ಬಟ್ಟೆ ಹರಡಿತ್ತು, ಸೀಮೆಸುಣ್ಣದ ಗೆರೆ ಎಳೆದಿತ್ತು. ನನ್ನ ಹೊಟ್ಟೆಯ ಅಳತೆ ಎಂದು ನೋಡಿದೊಡನೆ ಗೊತ್ತಾಯಿತು.

"ಅಮ್ಮ, ಯಂತ್ರ ಎಲ್ಲಾ ಹಾಳೆ ಓದಿರ್ಲಿಲ್ಲ. ಗುರುತು ಸಿಗದೇ ಇರೋರ ಹಾಳೆಗಳೇ ಅದರೊಳಗಿಲ್ಲ. ನಿಮ್ಮ ತಮ್ಮ ಅದರಲ್ಲಿ ಇದ್ದಿದ್ರೂ ಇರಬಹುದು."

ಆಕೆ ಕತ್ತರಿ ಕೆಳಗಿಡಲಿಲ್ಲ. "ಒಂಬತ್ತು ವರ್ಷ ನೀವು ಇಲ್ಲ ಅಂದ್ರಿ, ನಂಬಿದೆ. ಯಂತ್ರ ಇಲ್ಲ ಅಂತು, ನಂಬಿದೆ. ಈಗ ಬಂದು ಇರಬಹುದು ಅಂತೀರಲ್ಲಣ್ಣ, ಇದ್ನಾ ಇಲ್ವಾ?"

"ಗೊತ್ತಿಲ್ಲಮ್ಮ."

"ಗೊತ್ತಿಲ್ಲ ಅಂತ ಹೇಳೋಕೆ ಇಷ್ಟು ದೂರ ಬಂದ್ರಾ? ಪುಸ್ತಕ ತಂದು ತೋರಿಸಿ."

"ಪುಸ್ತಕ ಇಲ್ಲ."

"ಹಾಗಾದ್ರೆ ಹೋಗಿ. ನಿಮಗೆ ವಯಸ್ಸಾಯ್ತು. ಬಾಗಿಲು ಮುಂದೆ ಮಾಡ್ಕೊಂಡು ಹೋಗಿ."

ನಾವು ಬಾಗಿಲು ಮುಂದೆ ಮಾಡಿಕೊಂಡು ಬಂದೆವು.

ಆ ತಿಂಗಳ ಕೊನೆಗೆ ಅವರು ನಿವೃತ್ತರಾದರು. ಆಮೇಲೆ ಒಂದು ದಿನ ಅವರ ಮಗಳು ಆಸ್ಪತ್ರೆಗೆ ಬಂದು ನನ್ನನ್ನು ಹಿಡಿದುಕೊಂಡಳು. "ಮಾಮ, ನೀವಾದ್ರೂ ಬಂದು ಹೇಳಿ. ಅಪ್ಪ ಬೆಳಿಗ್ಗೆಯಿಂದ ಕಿಟಕಿ ಹತ್ರ ಕೂತು ಸತ್ತವರನ್ನ ಬರೀತಾರೆ. ಊಟಕ್ಕೆ ಕರೆದ್ರೆ ‘ತಾಳೇ, ಒಬ್ಬ ಬಾಗಿಲಲ್ಲಿ ನಿಂತಿದ್ದಾನೆ, ಒಳಗೆ ಬಂದುಬಿಡ್ಲಿ’ ಅಂತಾರೆ."

ಹೋದೆ. ಎರಡು ಕೋಣೆಯ ಮನೆ; ಕಿಟಕಿಯ ಪಕ್ಕ ಮೊಮ್ಮಗಳ ಓದುವ ಮೇಜು, ಅದಕ್ಕೆ ಮೊಣಕಾಲು ತಾಗಿಸಿಕೊಂಡು ಕೂತಿದ್ದರು. ನೂರು ಹಾಳೆಯ ನೋಟ್‌ಬುಕ್ಕು. ನೆನಪಿನಿಂದ ಬರೆಯುತ್ತಿದ್ದರು.

"ಇದೆಲ್ಲ ಹೇಗಣ್ಣ ನೆನಪಿರುತ್ತೆ?"

"ಮುಖ ನಾನು ಒಂದೂ ನೋಡಿಲ್ಲಯ್ಯ, ನನಗೆ ಧೈರ್ಯ ಇರ್ಲಿಲ್ಲ. ಒಳಗಿಂದ ವಾರ್ಡ್‌ನವನು ಕೂಗಿ ಹೇಳ್ತಿದ್ದ, ನಾನು ಬರ್ಕೊಳ್ತಿದ್ದೆ. ಮೊದಲು ಬಟ್ಟೆ ಹೇಳೋನು. ಅವನ ದನಿ ನೆನಪು ಮಾಡ್ಕೊಂಡ್ರೆ ಬಟ್ಟೆ ಬರುತ್ತೆ. ಬಟ್ಟೆ ಬಂದ್ರೆ ಹಿಂದೇನೇ ಆಳು ಬರ್ತಾನೆ."

ತಾರೀಖು ಅವರಿಗೂ ನೆನಪಿರಲಿಲ್ಲ. ಅದರ ಜಾಗದಲ್ಲಿ ‘ದೊಡ್ಡ ಡಾಕ್ಟರು ಜಾರಿಬಿದ್ದ ದಿನ’, ‘ನೀರು ನಿಂತುಹೋಗಿದ್ದಾಗ’ ಎಂದು ಬರೆದಿದ್ದರು. ಎಲ್ಲವನ್ನೂ ಸೀಸದಕಡ್ಡಿಯಲ್ಲಿ. ಆರು ತಿಂಗಳಲ್ಲಿ ಮುನ್ನೂರ ಹನ್ನೆರಡು ಜನ ಬಂದರು. ಅಳಿಸಿಹೋದವರು ಹತ್ತು ಸಾವಿರಕ್ಕೆ ಕಡಿಮೆ ಇರಲಿಲ್ಲ.

ಆಮೇಲೆ ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಯಿತು. ನೋಡಲು ಹೋದಾಗ ಎಡಗೈಯಿಂದ ನೋಟ್‌ಬುಕ್ಕನ್ನು ನನ್ನ ಕಡೆ ತಳ್ಳಿದರು. ಮಾತು ಒಂದು ಕಡೆಗೆ ವಾಲಿ ಬರುತ್ತಿತ್ತು.

"ಏಳು ಜನಕ್ಕೆ ಎಡಗೈಯಲ್ಲಿ ಎರಡು ಬೆರಳಿಲ್ಲ. ಅಂಚಲ್ಲಿ ಗುರುತು ಹಾಕಿದ್ದೀನಿ. ತಗೊಂಡು ಹೋಗಿ ಆಕೆಗೆ ತೋರಿಸು. ಆಮೇಲೆ ಬಂದು ನನಗೆ ಹೇಳು."

"ನಾಳೇನೇ ಹೋಗ್ತೀನಣ್ಣ," ಎಂದೆ.

ನಾಳೆ ನನಗೆ ನೆಗಡಿಯಾಯಿತು. ನಾಡಿದ್ದು ಸಭೆ. ಅದರ ಮಾರನೆಯ ದಿನ ಅಂಗಡಿಯ ಬೀದಿಯ ತಿರುವಿನವರೆಗೆ ಹೋಗಿ, ಅಲ್ಲಿ ಚಪ್ಪಲಿಯ ಉಂಗುಷ್ಟ ಸಡಿಲವಾಗಿರುವುದನ್ನು ಕಂಡುಹಿಡಿದು ವಾಪಸು ಬಂದೆ. ಹೇಡಿಗೆ ಚಪ್ಪಲಿಯೂ ಸಹಕರಿಸುತ್ತದೆ. ಒಂಬತ್ತನೆಯ ದಿನ ಕಡ್ಡಿಯಣ್ಣ ನಮ್ಮ ಆಸ್ಪತ್ರೆಯಲ್ಲೇ ತೀರಿಕೊಂಡರು. ಅವರ ಹೆಸರನ್ನು ಹೊಸ ಗುಮಾಸ್ತ ನೇರವಾಗಿ ಕಂಪ್ಯೂಟರಿನಲ್ಲಿ ಒತ್ತಿದ.

ಹತ್ತನೆಯ ದಿನ ನಾನು ಹೋದೆ. ಹೊಲಿಗೆಯಕ್ಕ ಮಿಷನ್ ತುಳಿಯುತ್ತಿದ್ದರು. ಬೂದು ಅಂಗಿ ಪೂರ್ತಿಯಾಗಿ, ಇಸ್ತ್ರಿಯಾಗಿ, ಗೋಡೆಯ ಮೊಳೆಗೆ ತೂಗುಹಾಕಿತ್ತು. ಕಡ್ಡಿಯಣ್ಣ ಹೋದದ್ದನ್ನು ಹೇಳಿದೆ. ಮಿಷನ್ ನಿಂತಿತು. ನೋಟ್‌ಬುಕ್ಕು ಮುಂದಿಟ್ಟೆ. "ಅವರು ನೆನಪಿಂದ ಬರೆದಿದ್ದು. ಇದಕ್ಕೆ ಸರ್ಕಾರಿ ಬೆಲೆ ಏನೂ ಇಲ್ಲ. ಏಳು ಜನ ಇದ್ದಾರೆ, ನೋಡೋದಾದ್ರೆ ನೋಡಿ, ಬೇಡ ಅಂದ್ರೆ ಬೇಡ," ಎಂದು ಒಂದೇ ಉಸಿರಿಗೆ ಒದರಿದೆ.

ಆಕೆ ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ಒಂದು, ಎರಡು, ಮೂರು, ನಾಲ್ಕು. ಐದನೆಯದರಲ್ಲಿ ಬೆರಳು ನಿಂತಿತು.

‘ಲಿಫ್ಟ್ ಕೆಟ್ಟಿದ್ದ ವಾರ. ಗಂಡಸು. ಮೂವತ್ತರ ಸುಮಾರು. ನೀಲಿ ಅಂಗಿ, ಒಳಗಡೆ ಜೇಬು, ಜೇಬಿಗೆ ಕೆಂಪು ದಾರದ ಹೊಲಿಗೆ. ಎಡಗೈ ಎರಡು ಬೆರಳು ಅರ್ಧ.’

ಆಕೆ ಕನ್ನಡಕ ತೆಗೆದು ಮಿಷನ್ನಿನ ಮೇಲಿಟ್ಟರು.

"ನೀಲಿ ದಾರ ಮುಗಿದುಹೋಗಿತ್ತು," ಎಂದರು. "ಒಳಗಡೆ ತಾನೇ, ಯಾರು ನೋಡ್ತಾರೆ ಅಂತ ಕೆಂಪಲ್ಲೇ ಹೊಲಿದುಬಿಟ್ಟೆ. ಇದನ್ನ ಯಾರಿಗೂ ಹೇಳಿಲ್ಲ ನಾನು. ಯಾರೂ ಕೇಳ್ಲೂ ಇಲ್ಲ, ಬೆರಳು ಬೆರಳು ಅಂತಿದ್ರು ಎಲ್ಲಾ." ಆಮೇಲೆ, "ಲಿಫ್ಟ್ ಯಾವಾಗ ಕೆಟ್ಟಿತ್ತು?"

ಅದು ನನಗೆ ಗೊತ್ತಿತ್ತು. ಅದರೊಳಗೆ ಮುಕ್ಕಾಲು ಗಂಟೆ ಸಿಕ್ಕಿಕೊಂಡು ಅರಚಿದವನು ನಾನೇ. ಇಂದಿಗೂ ಕಚೇರಿಯಲ್ಲಿ ನನ್ನನ್ನು ಅದರಿಂದ ಆಡಿಕೊಳ್ಳುತ್ತಾರೆ. ತಿಂಗಳು, ವರ್ಷ ಹೇಳಿದೆ. ಆಕೆ ಬೆರಳು ಮಡಚಿ ಲೆಕ್ಕ ಹಾಕಿದರು.

"ಬೆಲ್ಟ್ ತರ್ತೀನಿ ಅಂತ ಹೋಗಿ ಒಂದು ವರ್ಷ ಎರಡು ತಿಂಗಳು. ಅಷ್ಟು ದಿನ ಇದೇ ಊರಲ್ಲಿದ್ನಾ? ಅದೇ ಅಂಗೀಲಾ?"

ಆಕೆ ನೋಟ್‌ಬುಕ್ಕನ್ನು ನನ್ನ ಕಡೆಗೆ ತಿರುಗಿಸಿದರು.

"ಸಿಕ್ಕಿದ ಮೇಲೆ ಅಣ್ಣ ಏನ್ ಮಾಡ್ತಿದ್ರು?"

"ಮನೆಯವರ ಎದುರಿಗೆ ಇಂಕಲ್ಲಿ ತಿದ್ತಿದ್ರು. ಹೆಸರು ಸೇರಿಸ್ತಿದ್ರು."

"ಮತ್ತೆ ತಿದ್ದಿ," ಎಂದರು ಹೊಲಿಗೆಯಕ್ಕ. "ಎಷ್ಟು ವರ್ಷ ಅಂತ ಅವನು ಪೆನ್ಸಿಲ್ಲಲ್ಲೇ ಇರೋದು?"

ಜೇಬು ತಡಕಿದೆ. ಇದ್ದದ್ದು ಯಂತ್ರದ ಕಂಪನಿಯವರು ಕೊಟ್ಟ ಪೆನ್ನು ಮಾತ್ರ. ಅದರಲ್ಲೇ ಕಡ್ಡಿಯಣ್ಣನ ದುಂಡು ಅಕ್ಷರಗಳ ಮೇಲೆ ನಿಧಾನವಾಗಿ ತಿದ್ದಿಕೊಂಡು ಹೋದೆ. ಸಾಲಿನ ತುದಿಗೆ ಬಂದಾಗ ಆಕೆ ಹೆಸರು ಹೇಳಿದರು, ಬರೆದೆ. ಕೈ ಬಿಗಿಯಾಗಿ ಒತ್ತಿದ್ದರಿಂದ ಹಾಳೆಯ ಹಿಂಬದಿಗೂ ಅಚ್ಚು ಮೂಡಿತು.

"ಉಳಿದ ಆರು ಜನ?"

"ಅವರ ಮನೆಯವರು ಇನ್ನೂ ಬಂದಿಲ್ಲ."

ಆಕೆ ತಲೆಯಾಡಿಸಿ, ಎದ್ದು, ಮೊಳೆಯಿಂದ ಬೂದು ಅಂಗಿ ಇಳಿಸಿದರು. ಕೊರಳಪಟ್ಟಿಯ ಒಳಗೆ ಕತ್ತರಿಯ ತುದಿ ತೂರಿಸಿ, ಒಂದೊಂದೇ ಹೊಲಿಗೆ ಬಿಚ್ಚತೊಡಗಿದರು.

"ಬಟ್ಟೆ ಚೆನ್ನಾಗಿದೆ," ಎಂದರು, ತಲೆ ಎತ್ತದೆ. "ಯಾಕೆ ಹಾಳು ಮಾಡೋದು."